ಹಲಗೆ ಹೊತ್ತವಳ ನಡಿಗೆ

ರವಿವಾರ ಪೇಟೆಗೆ ಇನ್ನೂ ಎಚ್ಚರವಾಗಿಲ್ಲ. ಮೆಣಸಿನಕಾಯಿ ಅಡತಿ ಅಂಗಡಿಯ ಕದ ಮುಚ್ಚಿದೆ. ಕಟ್ಟೆಯ ಮೇಲೆ ಇಬ್ಬರು ಹಮಾಲರು ಗೋಣಿತಟ್ಟು ಹೊದ್ದು ಮಲಗಿದ್ದಾರೆ. ಅವರ ನಿದ್ದೆ ಕೆಡಬಾರದೆಂದು ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ಅನ್ವರಿ ಮರದ ಮೆಟ್ಟಿಲು ಹತ್ತುತ್ತಾರೆ. ಮೇಲೆ, ವಿಡಿಯೋ ಸ್ಟುಡಿಯೋದ ಹಿಂಬದಿಗೆ, ಕಿಟಕಿಗೆ ಕರಿಬಟ್ಟೆ ಬಡಿದ ಒಂದು ಕೋಣೆ. ಬೀಗ ತೆಗೆದವರು ಮೊದಲು ಒದ್ದೆ ಬಟ್ಟೆಯಿಂದ ನೆಲ ಒರೆಸುತ್ತಾರೆ, ಮೇಜು ಒರೆಸುತ್ತಾರೆ, ಕೊನೆಗೆ ತಮ್ಮ ಸೆರಗನ್ನೂ ಒಮ್ಮೆ ಒದ್ದೆ ಕೈಯಿಂದ ಸವರಿಕೊಳ್ಳುತ್ತಾರೆ. ಕೆಳಗಿನ ಅಡತಿಯ ಖಾರದ ಧೂಳು ಅಟ್ಟದ ಸಂದಿಗಳಿಂದ ಮೇಲೇರಿ ರಾತ್ರಿಯೆಲ್ಲ ಇಲ್ಲಿ ಕೂತಿರುತ್ತದೆ. ಅದರ ಒಂದು ಕಣ ರೀಲಿಗೆ ಅಂಟಿದರೂ ಟಿವಿಯ ಮೇಲೆ ಜೀರುಂಡೆಯಷ್ಟು ದೊಡ್ಡದಾಗಿ ಹರಿದಾಡುತ್ತದೆ.

ಮೇಜಿನ ಮೇಲೆ ಹೊಲಿಗೆ ಯಂತ್ರದಷ್ಟೇ ಗಾತ್ರದ ಹಳೆಯ ಪ್ರೊಜೆಕ್ಟರು. ಅದರೆದುರು ಅಂಗೈಯಗಲದ ಬಿಳಿ ರಟ್ಟು. ಪಕ್ಕದಲ್ಲಿ ಮದುವೆಗಳಿಗೆ ಹೋಗಿ ಹೋಗಿ ಮೂಲೆ ಸವೆದ ವಿಡಿಯೋ ಕ್ಯಾಮೆರಾ. ಹಳೆಯ ರೀಲು ಓಡುತ್ತದೆ, ಚಿತ್ರ ರಟ್ಟಿನ ಮೇಲೆ ಬೀಳುತ್ತದೆ, ಕ್ಯಾಮೆರಾ ಅದನ್ನು ಟೇಪಿಗೆ ಇಳಿಸಿಕೊಳ್ಳುತ್ತದೆ. ಅಲ್ಲಿಂದ ಕಂಪ್ಯೂಟರಿಗೆ, ಕಂಪ್ಯೂಟರಿನಿಂದ ಗಿರಾಕಿಯ ಕ್ಯಾಸೆಟ್ಟಿಗೆ.

"ಹಗಲಹೊತ್ತ ಈ ಕೆಲಸ ಆಗೂದಿಲ್ಲರಿ," ಎನ್ನುತ್ತಾರೆ ಅನ್ವರಿ. "ಪ್ಯಾಟಿ ಎದ್ದಿತಂದ್ರ ಕರೆಂಟ್ ಏರೂದು ಇಳಿಯೂದು ಚಾಲೂ. ಮಷೀನು ಒಮ್ಮೆ ಓಡತೈತಿ, ಒಮ್ಮೆ ತೂಕಡಸ್ತೈತಿ. ಕೆಳಗ ಹಮಾಲರು ಚೀಲ ಒಗದ್ರ ಇಲ್ಲಿ ಮದವಿ ಹುಡಿಗಿ ಮಾರಿ ನಡಗತೈತಿ. ನೋಡಿದವರು, ಪಾಪ, ಲಗ್ನದಾಗ ಚಳಿಜ್ವರ ಬಂದಿತ್ತೇನೋ ಅಂತಾರ."

ಹೇಳಿ ತಾವು ನಗುವುದಿಲ್ಲ. ಐವತ್ತರ ಹತ್ತಿರದ ಅನ್ವರಿ ತಮಾಷೆಯನ್ನು ಹೇಳುವುದೇ ಹೀಗೆ, ಬೇರೆ ಯಾರದೋ ದುಃಖವನ್ನು ಹೇಳುವ ದನಿಯಲ್ಲಿ.

ಅವರ ಕೈಗೆ ಬರುವುದು ಉಳ್ಳವರ ಮನೆಯ ಹಳೆಯ ರೀಲುಗಳು. ದಂಡಿನ ಕ್ಯಾಂಪಿನ ಬಂಗಲೆಗಳಿಂದ, ಹತ್ತಿ ವ್ಯಾಪಾರಿಗಳಿಂದ, ಡಾಕ್ಟರ ಮನೆಗಳಿಂದ. ಮೂವತ್ತು ನಲವತ್ತು ವರ್ಷದ ಹಿಂದೆ ಹವ್ಯಾಸಕ್ಕೆಂದು ಕೈಕ್ಯಾಮೆರಾ ಕೊಂಡವರು ಮಕ್ಕಳ ಜಾವಳ, ಅಕ್ಕನ ಮದುವೆ, ಅಜ್ಜನ ಅರವತ್ತು ಎಲ್ಲವನ್ನೂ ಅದರಲ್ಲಿ ಹಿಡಿದಿದ್ದಾರೆ. ತೊಡಕು ಇರುವುದು ಲೆಕ್ಕದಲ್ಲಿ. ಆ ಕ್ಯಾಮೆರಾ ಒಂದು ಸೆಕೆಂಡಿಗೆ ತೆಗೆಯುತ್ತಿದ್ದದ್ದು ಹದಿನಾರು ಚಿತ್ರ. ಟಿವಿ ಕೇಳುವುದು ಇಪ್ಪತ್ತೈದು.

"ಹದಿನಾರು ರೊಟ್ಟಿ ಅದಾವು, ಪಂಕ್ತಿಗೆ ಇಪ್ಪತ್ತೈದು ಮಂದಿ ಕುಂತಾರ. ಏನ್ ಮಾಡ್ತೀರಿ?"

ಇದ್ದ ಚಿತ್ರವನ್ನೇ ಅಲ್ಲಲ್ಲಿ ಎರಡು ಸಲ ಬಡಿಸಬಹುದು. ಆಗ ಜನ ತಡವರಿಸಿ ತಡವರಿಸಿ ನಡೆಯುತ್ತಾರೆ. ಅಕ್ಕಪಕ್ಕದ ಎರಡು ಚಿತ್ರಗಳನ್ನು ಕಲಸಿ ನಡುವೆ ಒಂದನ್ನು ಇಡಬಹುದು. ಆಗ ಆರತಿ ಎತ್ತುವ ಕೈಗೆ ಒಂದು ದೆವ್ವದ ಕೈ ಜೊತೆಯಾಗುತ್ತದೆ. ಮೂರನೆಯದು ಸ್ಟುಡಿಯೋದ ಮಾಲೀಕ ಲಕ್ಷ್ಮಣ ಅವರು ಹೋದ ವರ್ಷ ಮುಂಬಯಿಯಿಂದ ತರಿಸಿದ ಕಂಪ್ಯೂಟರ್ ಪ್ರೋಗ್ರಾಮಿನ ಸಿಡಿಯ ದಾರಿ. ಈ ಚಿತ್ರದಲ್ಲಿ ಕೈ ಇಲ್ಲಿದೆ, ಮುಂದಿನದರಲ್ಲಿ ಅಲ್ಲಿದೆ, ಹಾಗಾದರೆ ನಡುವೆ ಎಲ್ಲಿದ್ದೀತು ಎಂದು ಕಂಪ್ಯೂಟರೇ ಊಹಿಸಿ, ಯಾರೂ ತೆಗೆಯದ ಚಿತ್ರವೊಂದನ್ನು ಬರೆಯುತ್ತದೆ. ಊಹೆ ಸರಿಯಾದರೆ ನೀರು ಹರಿದಂತೆ. ತಪ್ಪಿದರೆ ಬೆರಳುಗಳು ಮೇಣದಂತೆ ಕರಗುತ್ತವೆ, ಹಿಂದಿನ ಕಂಬ ಮುಂದಿನವರ ಕಿವಿಗೆ ಅಂಟಿಕೊಂಡು ಎಳೆದಾಡುತ್ತದೆ.

ಆ ತಪ್ಪುಗಳನ್ನು ಒಂದೊಂದಾಗಿ ಹುಡುಕಿ ಕಿತ್ತು, ಅಂಚು ತೀಡಿ, ಕಣ್ಣಿಗೆ ತಿಳಿಯದಂತೆ ಮಾಡುವುದೇ ಅನ್ವರಿಯ ಕೆಲಸ. ದಿನಕ್ಕೆ ಎಷ್ಟು ಚಿತ್ರ ಎಂದು ಕೇಳಿದರೆ, "ಎಣಿಸಿದ್ರ ಕೈ ಸಾಗೂದಿಲ್ಲರಿ" ಎಂದು ಮಾತು ಮುಗಿಸುತ್ತಾರೆ. ಚೆನ್ನಾಗಿ ಆದ ಕೆಲಸಕ್ಕೆ ಇಲ್ಲಿ ಗುರುತೇ ಇರುವುದಿಲ್ಲ. ಗುರುತು ಸಿಕ್ಕಿತೆಂದರೆ ಕೆಲಸ ಕೆಟ್ಟಿತೆಂದೇ ಅರ್ಥ. ಕ್ಯಾಸೆಟ್ಟಿನ ಮೇಲೆ ಸ್ಟುಡಿಯೋದ ಹೆಸರಿನ ಬಣ್ಣದ ಚೀಟಿ ಇರುತ್ತದೆ. ಅನ್ವರಿಯ ಹೆಸರು ಎಲ್ಲಿಯೂ ಇರುವುದಿಲ್ಲ, ಅದನ್ನು ಅವರು ಕೇಳಿಯೂ ಇಲ್ಲ.

ಲಕ್ಷ್ಮಣ ಅವರು ಮಾತ್ರ ಗಿರಾಕಿಗಳೆದುರು ಹೊಗಳುತ್ತಾರೆ. "ನಮ್ಮ ಅನ್ವರಿಬಾಯಿ ಕೈಗೆ ಬಂದ್ರ ಸತ್ತವರೂ ಎಣ್ಣಿ ಹಾಕಿದಂಗ ನಡೀತಾರ ನೋಡ್ರಿ." ಕಳೆದ ಚಳಿಗಾಲದಿಂದ ಈಚೆಗೆ ಆ ಮಾತು ಬಂದಾಗಲೆಲ್ಲ ಅನ್ವರಿ ಎದ್ದು ಒಳಗೆ ಹೋಗುತ್ತಾರೆ.

ರೀಲಿನ ಸಹವಾಸ ಅವರಿಗೆ ಮದುವೆಯ ಜೊತೆಗೇ ಬಂದದ್ದು. ಗಂಡ ಶಾಕಿರ ಖಾನಾಪುರದ ಟಾಕೀಸಿನಲ್ಲಿ ಆಪರೇಟರ್. ಹರಿದ ರೀಲುಗಳನ್ನು ಮನೆಗೆ ತರುತ್ತಿದ್ದ. ಹಗಲು ಅಡುಗೆ ಮುಗಿಸಿ ಅನ್ವರಿ ಬ್ಲೇಡಿನಿಂದ ಕೆರೆದು, ಅಂಟು ಹಚ್ಚಿ, ಉಸಿರು ಹಿಡಿದು ಕೂಡಿಸುತ್ತಿದ್ದರು. ಟಾಕೀಸು ಮುಚ್ಚಿ ಸಿಮೆಂಟಿನ ಗೋದಾಮಾಯಿತು. ಶಾಕಿರ ಅದೇ ಗೋದಾಮಿನಲ್ಲಿ ಕಾವಲಿಗೆ ನಿಂತ; ಎದೆಯ ಬೇನೆ ಬಂದು ತೀರಿಕೊಂಡ. ಅನ್ವರಿ ಅನಗೋಳದಲ್ಲಿ ಅಣ್ಣನ ಮನೆಯ ಹಿತ್ತಲ ಕೋಣೆಗೆ ಬಂದರು. ಆ ಕಾಲದ್ದೆಂದು ಗಂಡನ ಒಂದು ಫೋಟೋ ಇದೆ, ಪಡಿತರ ಚೀಟಿಯದು.

"ಊರಿಗೆಲ್ಲಾ ಸಿನಿಮಾ ತೋರಿಸ್ದಾ. ಅಂವನ ಮಾರಿ ಮ್ಯಾಲ ಬೆಳಕ ಬಿದ್ದದ್ದ ನಾ ನೋಡಲಿಲ್ಲ," ಎನ್ನುತ್ತಾರೆ.

ಕಳೆದ ದೀಪಾವಳಿಯ ಮುಂಚೆ ಖಾನಾಪುರದಿಂದ ಗೌರವ್ವ ಬಂದರು. ಅಲ್ಲಿನ ಸಂತೆಯಲ್ಲಿ ತರಕಾರಿ ಮಾರುವವರು. ಚೀಲದಲ್ಲಿ ಕೊತ್ತಂಬರಿಯ ಕೆಳಗೆ ಒಂದು ತಗಡಿನ ಡಬ್ಬಿ, ಅದರಲ್ಲಿ ಪುಟ್ಟ ರೀಲು. ಹಂಚಿನ ಕಾರ್ಖಾನೆಯ ಮಾಲೀಕರೊಬ್ಬರು ಒಂದು ಕಾಲಕ್ಕೆ ತಮ್ಮ ಕಾರ್ಖಾನೆಯನ್ನೇ ಚಿತ್ರ ಹಿಡಿದಿದ್ದರಂತೆ. ಈಗ ಮೊಮ್ಮಕ್ಕಳು ಮನೆ ಮಾರುವಾಗ ಅಟ್ಟದ ಮೇಲೆ ಸಿಕ್ಕಿತು. ಕೆಲಸದವರ ನಡುವೆ ಗೌರವ್ವನ ತಾಯಿ ಮಾಯಕ್ಕ ಇರುವುದನ್ನು ಹಳೆಯ ಮೇಸ್ತ್ರಿಯೊಬ್ಬರು ರೀಲನ್ನು ಬಿಸಿಲಿಗೆ ಹಿಡಿದು ನೋಡಿ ಗುರುತಿಸಿ ಡಬ್ಬಿಯನ್ನು ಕೊಡಿಸಿದ್ದರು. ಗೌರವ್ವ ಸಣ್ಣವರಿದ್ದಾಗಲೇ ತಾಯಿ ಹೋದವರು. ಒಂದು ಫೋಟೋ ಕೂಡ ಇಲ್ಲ.

"ನಮ್ಮಪ್ಪ ಇನ್ನಾ ಅದಾನ್ರಿ, ಆದ್ರ ಭಾಳ ದಿನ ಇರೂ ಹಂಗ ಕಾಣೂದಿಲ್ಲ," ಎಂದರು ಗೌರವ್ವ. "ಭಟ್ಟಿ ಮುಂದ ಕುಂತು ಕುಂತು ಕಣ್ಣ ಹೋಗ್ಯಾವು, ನೆಳ್ಳ ಅಷ್ಟ ಕಾಣತೈತಿ. ಅವ್ವನ್ನ ಒಮ್ಮೆ ತೋರಸಬೇಕ್ರಿ ಅಂವಗ. ಬ್ಯಾರೆ ಏನೂ ಬ್ಯಾಡ."

ಡಬ್ಬಿ ತೆರೆದಾಗ ವಿನೆಗರಿನಂಥ ಹುಳಿ ವಾಸನೆ ಬಂತು. ಸತ್ತ ರೀಲಿನ ವಾಸನೆ ಅದು, ಅನ್ವರಿಗೆ ಗೊತ್ತು. ಅಂಚಿನ ತೂತುಗಳು ಹಲವೆಡೆ ಹರಿದಿದ್ದವು. ಒಮ್ಮೆ ಓಡಿದರೆ ಓಡೀತು, ಎರಡನೆಯ ಸಲದ ಭರವಸೆಯಿಲ್ಲ.

ಓಡಿತು. ಒದ್ದೆ ಹಂಚುಗಳ ಹಲಗೆಯನ್ನು ತಲೆಯ ಮೇಲೆ ಹೊತ್ತ ತೆಳ್ಳನೆಯ ಹೆಂಗಸು ಮಣ್ಣಿನ ಅಂಗಳ ದಾಟಿ ಬರುತ್ತಾಳೆ. ಕ್ಯಾಮೆರಾ ಅವಳ ಜೊತೆಜೊತೆಗೇ ತಿರುಗುತ್ತದೆ. ಕೊನೆಗೆ ಕುಕ್ಕರುಗಾಲಲ್ಲಿ ಕೂತು, ಹಲಗೆಯನ್ನು ನೆಲಕ್ಕಿಳಿಸಿ, ಸೆರಗಿನಿಂದ ಕತ್ತು ಒರೆಸಿಕೊಂಡು ಇತ್ತ ನೋಡುತ್ತಾಳೆ. ಅಷ್ಟೇ. ಆದರೆ ನಡಿಗೆಯ ಉದ್ದಕ್ಕೂ ಚಿತ್ರ ಕುಪ್ಪಳಿಸುತ್ತಿತ್ತು. ಒಂದು ಹೆಜ್ಜೆ ಬಿಟ್ಟು ಒಂದು ಹೆಜ್ಜೆಗೆ ದೇಹ ಧಡಕ್ಕನೆ ಕುಸಿದು ಮೇಲೆದ್ದಂತೆ. ಹರಿದ ತೂತುಗಳಲ್ಲಿ ರೀಲು ಜಾರುತ್ತಿದೆ ಎಂದುಕೊಂಡರು ಅನ್ವರಿ. ಯಾರಾದರೂ ಹಾಗೆಯೇ ಅಂದುಕೊಳ್ಳುತ್ತಿದ್ದರು. ಕುಪ್ಪಳಿಸಿದ ಚಿತ್ರಗಳನ್ನೆಲ್ಲ ಆರಿಸಿ ತೆಗೆದರು. ಖಾಲಿಯಾದ ಜಾಗಗಳನ್ನು ಕಂಪ್ಯೂಟರಿನ ಊಹೆಗೆ ಬಿಟ್ಟರು. ಕರಗಿದ ಅಂಚುಗಳನ್ನು ನಾಲ್ಕೈದು ಮುಂಜಾವು ಕೂತು ತೀಡಿದರು. ಕೊನೆಗೆ ಮಾಯಕ್ಕ ತೇಲಿಬಂದಳು, ಹೊಳೆಯ ಮೇಲೆ ಹೂವು ಬಂದಂತೆ. ಇಷ್ಟು ಚೆಂದದ ಕೆಲಸ ತಮ್ಮ ಕೈಯಿಂದ ಹಿಂದೆ ಆಗಿರಲಿಲ್ಲ ಎಂದು ಅನ್ವರಿಗೆ ಅನ್ನಿಸಿತ್ತು.

ಕ್ಯಾಸೆಟ್ಟನ್ನೂ, ಅದನ್ನು ಓಡಿಸಲು ಸ್ಟುಡಿಯೋದ ವಿಸಿಪಿಯನ್ನೂ ಒಯ್ದ ಗೌರವ್ವ ವಾರದೊಳಗೆ ಮರಳಿ ಬಂದರು. ಸಿಟ್ಟಿರಲಿಲ್ಲ. ಮೇಲಿನ ಮೆಟ್ಟಿಲ ಮೇಲೇ ಕೂತುಬಿಟ್ಟರು.

"ಒಳಗ ಬರ್ರಿ, ಕುಂದರ್ರಿ," ಎಂದರು ಅನ್ವರಿ.

"ಚಲೋ ಬಂದೈತ್ರಿ ಬಾಯಾರ. ಖರೇನ ಚಲೋ ಬಂದೈತಿ. ಅವ್ವನ ಮಾರಿ ನೋಡಿ ನಾ ಭಾಳ ಅತ್ತೆ. ಆದ್ರ ನಮ್ಮಪ್ಪ, ಇಕಿ ಯಾರು ಅಂದಾ."

"ಕಣ್ಣ ಕಾಣೂದಿಲ್ಲ ಅಂದಿದ್ರೆಲ್ಲಾ."

"ಮಾರಿ ಕಾಣೂದಿಲ್ರಿ ಅಂವಗ. ಯಾರ ಬಂದ್ರೂ ನಡಿಗಿ ಮ್ಯಾಲ ಹೆಸರ ಹಿಡಿತಾನ. ಇಕಿ ಮಾಲಕರ ಮನಿ ಹೆಣ್ಮಗಳು, ಹಲಗಿ ಹೊತ್ತು ಆಟಾ ಆಡಾಕತ್ತಾಳ, ಬಂದ್ ಮಾಡು ಅಂದಾ." ಗೌರವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದರು. "ನಮ್ಮವ್ವ ಕುಂಟತಿದ್ಲರಿ. ಲಗ್ನಕ್ಕ ಮೊದ್ಲ ಮಣ್ಣಿನ ಕುಣಿಯಾಗ ಬಿದ್ದು ಒಂದ ಕಾಲ ಗಿಡ್ಡ ಆಗಿತ್ತಂತ."

"ಮೊದ್ಲ ಹೇಳಬೇಕಿತ್ತಲ್ಲವ್ವಾ."

"ಹೇಳಬೇಕ ಅಂತ ಗೊತ್ತಿರಲಿಲ್ರಿ. ಚಿತ್ರದಾಗ ಇದ್ದೇ ಇರತೈತಿ ಅನ್ಕೊಂಡಿದ್ನಿ."

ಅನ್ವರಿ ಮೂಲ ಟೇಪು ಹುಡುಕಲು ಎದ್ದರು. ರೀಲಿನಿಂದ ಮೊದಲು ಇಳಿಸಿದ, ಇನ್ನೂ ಯಾವ ತಿದ್ದುಪಡಿಯೂ ಆಗದ ಟೇಪು ಅದು. ಕಂಪ್ಯೂಟರಿನೊಳಗಿನದನ್ನು ಜಾಗ ಸಾಲದೆಂದು ಆಗಲೇ ಅಳಿಸಿಯಾಗಿತ್ತು, ಈ ಟೇಪೊಂದಿದ್ದರೆ ಸಾಕಿತ್ತು. ಆದರೆ ಸ್ಟುಡಿಯೋದಲ್ಲಿ ಒಂದು ಪದ್ಧತಿ. ಕೆಲಸ ಮುಗಿದ ಟೇಪುಗಳನ್ನು ಬುಟ್ಟಿಗೆ ಹಾಕುತ್ತಾರೆ, ಮದುವೆಗೆ ಹೊರಟ ಕ್ಯಾಮೆರಾದವರು ಅದರಿಂದಲೇ ಎತ್ತಿಕೊಳ್ಳುತ್ತಾರೆ. ಈ ಟೇಪನ್ನು ಬುಟ್ಟಿಗೆ ಹಾಕಿದ್ದು ಅನ್ವರಿಯ ಕೈಯೇ. ಹುಡುಕಿ ತಂದು ಹಚ್ಚಿದರೆ, ಮಾಯಕ್ಕ ಅಂಗಳ ದಾಟಿದ್ದ ಜಾಗದಲ್ಲಿ ಯಾವುದೋ ರಿಸೆಪ್ಶನ್ನಿನ ಜನ ಸಾಲಾಗಿ ವೇದಿಕೆ ಹತ್ತುತ್ತಿದ್ದರು. ಒಬ್ಬೊಬ್ಬರೂ ಉಡುಗೊರೆ ಕೊಟ್ಟು, ಕ್ಯಾಮೆರಾ ನೋಡಿ ನಕ್ಕು, ಇಳಿದು ಹೋಗುತ್ತಿದ್ದರು. ಕೊನೆಯವರೆಗೂ ಅದೇ.

ಉಳಿದದ್ದು ರೀಲು ಒಂದೇ. ಲಕ್ಷ್ಮಣ ಅವರು ಬೇಡವೆಂದರು.

"ಪುಡಿ ಆಕ್ಕೈತಿ ಬಾಯಿ. ಇದ್ದದ್ದೂ ಹೋದ್ರ ಅಕಿಗೆ ಏನಂತ ಹೇಳ್ತೀರಿ?"

"ಅಕಿ ಇಲ್ಲೇ ಕುಂತಾಳಲ್ರಿ, ಅಕಿನ್ನ ಕೇಳೂಣು."

ಗೌರವ್ವನಿಗೆ ಎಲ್ಲವನ್ನೂ ಬಿಡಿಸಿ ಹೇಳಿದರು. ಟೇಪು ಹೋದದ್ದು ತಮ್ಮಿಂದಲೇ ಎಂದೂ ಹೇಳಿದರು. ಗೌರವ್ವ ಯೋಚಿಸಿ, "ಡಬ್ಬಿಯಾಗ ಇಟ್ಟು ಏನ್ ಪೂಜಿ ಮಾಡೂದೈತ್ರಿ? ತಿರುವ್ರಿ," ಎಂದರು.

ರಮಜಾನ್ ಆಗತಾನೇ ಶುರುವಾಗಿತ್ತು. ನಸುಕಿನ ಸಹರಿ ಊಟ ಮುಗಿಸಿ, ಬಸ್ಸು ಬಿಡುವ ಮುಂಚೆಯೇ ಅನ್ವರಿ ಅನಗೋಳದಿಂದ ನಡೆದುಬರುತ್ತಿದ್ದರು. ರೀಲಿಗೆ ಸೆಕೆ ತಾಕಬಾರದೆಂದು ಪ್ರೊಜೆಕ್ಟರಿನ ದೊಡ್ಡ ದೀಪ ಕಳಚಿ ಸಣ್ಣ ಬಲ್ಬು ಕೂಡಿಸಿದರು. ಮೋಟರಿನ ಪಟ್ಟಿ ಬಿಚ್ಚಿ ಗಾಲಿಯನ್ನು ಬೆರಳಿನಿಂದಲೇ ತಿರುವಿದರು. ಒಂದು ಚಿತ್ರ ಬಂದು ನಿಲ್ಲಬೇಕು, ಕ್ಯಾಮೆರಾ ಅದನ್ನು ಹಿಡಿಯಬೇಕು, ಮತ್ತೆ ಒಂದು ಕೂದಲಿನಷ್ಟು ತಿರುವಬೇಕು. ಉಪವಾಸದ ಬಾಯಿ ಒಣಗಿ, ಖಾರದ ಘಾಟಿಗೆ ಕೆಮ್ಮು ಒತ್ತಿ ಬಂದಾಗ ಎದ್ದು ಹೊರಗೆ ಹೋಗಿ ಕೆಮ್ಮಿ ಬರುತ್ತಿದ್ದರು. ಮೇಜು ಅಲುಗಬಾರದು. ಪೇಟೆಯಲ್ಲಿ ಮೊದಲ ಚೀಲ ಬಿದ್ದ ಸದ್ದಾದರೆ ಆ ದಿನದ ಕೆಲಸ ಮುಗಿಯಿತು.

ಎರಡನೆಯ ಮುಂಜಾವಿನಲ್ಲಿ ಅದು ಅವರ ಕಣ್ಣಿಗೆ ಬಿತ್ತು. ಪರದೆಯ ಮೇಲೆ ಮಾಯಕ್ಕ ಗಿಡ್ಡಗಾಲು ಊರಿದ್ದಾಳೆ. ಸೊಂಟ ಕುಸಿದಿದೆ, ಭುಜ ವಾಲಿದೆ. ಕತ್ತು ಮಾತ್ರ ಅದೇ ಗಳಿಗೆಯಲ್ಲಿ ನೀಳವಾಗಿದೆ. ತಲೆಯ ಮೇಲಿನ ಹಲಗೆ ಹಿಂದಿನ ಚಿತ್ರದಲ್ಲಿ ಎಲ್ಲಿತ್ತೋ ಅಲ್ಲೇ ಇದೆ. ಅನ್ವರಿ ಹಿಂದಿನದನ್ನೂ ಮುಂದಿನದನ್ನೂ ತಿರುತಿರುಗಿ ನೋಡಿದರು. ಹಲಗೆ ಒಂದೇ ಗೆರೆಯ ಮೇಲೆ ಸಾಗುತ್ತಿತ್ತು. ಅದರ ಕೆಳಗೆ ಒಬ್ಬಳು ಬಿದ್ದು ಏಳುತ್ತಿದ್ದಳು.

"ರೀಲು ಜಾರಿದ್ರ ಹಲಗೀನೂ ಜಾರಬೇಕಿತ್ತಲ್ಲರಿ," ಎನ್ನುವಾಗ ಈಗಲೂ ಅವರ ದನಿ ತಗ್ಗುತ್ತದೆ. "ಚಿತ್ರ ಕುಣಿದ್ರ ಪೂರಾ ಕುಣೀತೈತಿ, ಗೋಡಿ ಸೈತ. ಇದು ನನಗ ಗೊತ್ತಿದ್ದ ಮಾತ. ಆದ್ರ ಕ್ಯಾಮೆರಾ ಅಕಿ ಸಂಗತೀನ ತಿರಗತಿತ್ತು, ಗೋಡಿ ಹೆಂಗೂ ಓಡತಿತ್ತು. ಹಲಗಿ ಕಡೆ ನಾ ನೋಡ್ಲೇ ಇಲ್ಲ. ಒಂದ ಹಂಚ ಒಡೀಬಾರದಂತ ಕುಂಟೂದನ್ನೆಲ್ಲಾ ಮೈಯಾಗ ನುಂಗ್ಕೊಂಡು ನಡದಾಳ ಅಕಿ. ನಾ ಕುಂತು ಅದನ್ನ ಒರಸಿ ಒಗದೆ."

ಮೂರನೆಯ ಮುಂಜಾವಿಗೆ ರೀಲಿನ ಕೊನೆಯ ಗೇಣು ಉಳಿದಿತ್ತು. ಮಾಯಕ್ಕ ಕೂತು ಹಲಗೆ ಇಳಿಸುವ ಭಾಗ. ಗಾಲಿ ತಿರುವಿದರೆ ಬೆರಳಿಗೆ ಏನೂ ಹತ್ತಲಿಲ್ಲ. ಮುಚ್ಚಳ ತೆಗೆದು ನೋಡಿದಾಗ ಒಳಗೆ ಒಣಗಿದ ಈರುಳ್ಳಿ ಸಿಪ್ಪೆಯಂಥ ಚೂರುಗಳು. ಅನ್ವರಿ ಅವನ್ನು ಒಂದು ಕಾಗದದಲ್ಲಿ ಕಟ್ಟಿ ತಗಡಿನ ಡಬ್ಬಿಗೇ ಹಾಕಿದರು.

ಉಳಿದ ಚಿತ್ರಗಳನ್ನು ಈ ಸಲ ಕಂಪ್ಯೂಟರಿನ ಊಹೆಗೆ ಕೊಡಲಿಲ್ಲ. ಇದ್ದದ್ದನ್ನೇ ಕೆಲವನ್ನು ಒಮ್ಮೆ, ಕೆಲವನ್ನು ಎರಡು ಸಲ ಇಟ್ಟು ಇಪ್ಪತ್ತೈದು ತುಂಬಿಸಿದರು. ಚಿತ್ರ ತಡವರಿಸುತ್ತಿತ್ತು, ಬೆಳಕು ಮಿಣುಕುತ್ತಿತ್ತು, ಗೀರುಗಳು ಮಳೆಯಂತೆ ಸುರಿಯುತ್ತಿದ್ದವು.

ಲಕ್ಷ್ಮಣ ಅವರು ನೋಡಿ ತಲೆ ಕೆರೆದುಕೊಂಡರು. "ಇದನ್ನ ಹೊರಗ ಬಿಟ್ರ ನಮ್ಮ ಸ್ಟುಡಿಯೋ ಹೆಸರ ಹೋಗತೈತಿ, ಬಾಯಿ."

"ಹಂಗಾದ್ರ ಹೆಸರ ಹಚ್ಚಬ್ಯಾಡ್ರಿ."

ಚೀಟಿಯಿಲ್ಲದ ಆ ಕ್ಯಾಸೆಟ್ಟನ್ನೂ, ಸ್ಟುಡಿಯೋದ ವಿಸಿಪಿಯನ್ನೂ ಬಟ್ಟೆಯ ಚೀಲದಲ್ಲಿಟ್ಟುಕೊಂಡು ಅನ್ವರಿ ತಾವೇ ಖಾನಾಪುರದ ಬಸ್ಸು ಹತ್ತಿದರು. ಗಂಡನ ಟಾಕೀಸಿನ ಮುಂದೆ ಬಸ್ಸು ಹಾದುಹೋಯಿತು. ಅವರು ಆ ಕಡೆ ನೋಡಲಿಲ್ಲ.

ಗೌರವ್ವನ ಮನೆ ಹೊಳೆಯ ದಾರಿಯಲ್ಲಿ. ಬಗ್ಗಿ ಒಳಹೋಗಬೇಕಾದ ಬಾಗಿಲು, ಪಕ್ಕದಲ್ಲೇ ಸ್ಟೂಲಿನ ಮೇಲೆ ಕಪ್ಪುಬಿಳುಪಿನ ಟಿವಿ. ಅದರೆದುರು ಹಗ್ಗದ ಹೊರಸಿನ ತುದಿಯಲ್ಲಿ ಕೂತಿದ್ದರು ಗೌರವ್ವನ ಅಪ್ಪ ಬೀರಣ್ಣ. ಬಾಗಿಲಿಗೆ ಅಡ್ಡಲಾಗಿ ಎರಡೂ ಕಾಲು ಚಾಚಿದ್ದರು. ಮೈಯಲ್ಲಿ ಎಲುಬಷ್ಟೇ ಉಳಿದಿತ್ತು. "ಯಾರ ಬಂದ್ರು?" ಎಂದು ಕೇಳಿ, ಅನ್ವರಿ ಎರಡು ಹೆಜ್ಜೆ ಇಡುವುದನ್ನೇ ನೋಡಿ, "ಊರವರಲ್ಲ" ಎಂದು ತಾವೇ ಹೇಳಿದರು.

ಗೌರವ್ವ ಬಾಗಿಲು ಮುಂದೆಳೆದು ಕತ್ತಲು ಮಾಡಿದರು. ಟಿವಿಯಲ್ಲಿ ಗೀರುಗಳ ಮಳೆ, ಅದರೊಳಗಿಂದ ಹಲಗೆ ಹೊತ್ತ ನೆರಳು. ಕುಸಿಯಿತು, ಎದ್ದಿತು. ಕುಸಿಯಿತು, ಎದ್ದಿತು. ಬೀರಣ್ಣನ ತಲೆ ಅದರ ಜೊತೆಗೇ ತಿರುಗತೊಡಗಿತು. ಆಮೇಲೆ ಮೆಲ್ಲಗೆ, ತುಂಬ ಕಷ್ಟಪಟ್ಟು, ಚಾಚಿದ ಕಾಲುಗಳನ್ನು ಒಂದೊಂದಾಗಿ ಹೊರಸಿನ ಮೇಲಕ್ಕೆ ಎಳೆದುಕೊಂಡರು.

"ಯಾಕಪ್ಪಾ?" ಎಂದು ಗೌರವ್ವ ಬಾಗಿದರು.

"ಹಾದಿ ಬಿಡವ್ವಾ. ನಿಮ್ಮವ್ವನ ತಲಿ ಮ್ಯಾಲ ಹೊರಿ ಐತಿ."

ಗೌರವ್ವ ಖರೇನೇ ಸರಿದು ನಿಂತರು. ಅನ್ವರಿಯೂ ಗೋಡೆಗೆ ಒತ್ತಿಕೊಂಡರು. ಅಷ್ಟರಲ್ಲಿ ರೀಲು ಮುಗಿದ ಜಾಗ ಬಂದು, ಟಿವಿಯ ತುಂಬ ಬೂದಿಬಣ್ಣದ ಚುಕ್ಕಿಗಳು ಗಿಜಿಗುಟ್ಟಿದವು. ಬೀರಣ್ಣ ಕಾದರು. ಬಾಗಿಲ ಕಡೆಗೆ ಮುಖ ಮಾಡಿ ಕಾದರು.

"ಎಲ್ಲಿ ಹ್ವಾದ್ಲು? ಹಲಗಿ ಇನ್ನಾ ಇಳಿಸಲಿಲ್ಲಲ್ಲಾ."

ಸಂಕ್ರಾಂತಿಗೆ ಮುಂಚೆ ಬೀರಣ್ಣ ತೀರಿಕೊಂಡರು. ಅಲ್ಲಿಯವರೆಗೂ, ಅನ್ವರಿ ಅಲ್ಲೇ ಬಿಟ್ಟುಬಂದಿದ್ದ ವಿಸಿಪಿಯಲ್ಲಿ, ದಿನಾ ಕೇಳಿ ಹಾಕಿಸಿಕೊಂಡು ನೋಡುತ್ತಿದ್ದರಂತೆ. ದಿನಾ ಕಾಲು ಮೇಲೆಳೆದುಕೊಳ್ಳುತ್ತಿದ್ದರಂತೆ, ದಿನಾ ಕೊನೆಗೆ ಅದೇ ಮಾತು. ಹಲಗೆ ಇಳಿಸುವುದು ಮೊದಲನೆಯ ಕ್ಯಾಸೆಟ್ಟಿನಲ್ಲಿ ಇದೆ, ಆದರೆ ಅದೂ ಊಹೆಯಿಂದ ತುಂಬಿ ತೀಡಿದ್ದೇ; ಗೌರವ್ವ ಅದನ್ನೂ ಹಾಕಿ ತೋರಿಸಿದರು. "ಇದು ಅಕೀದಲ್ಲ" ಎಂದರಂತೆ. ಗೌರವ್ವ ಎರಡನ್ನೂ ಒಂದೇ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದಾರೆ. ಒಂದರಲ್ಲಿ ತಾಯಿಯ ಮುಖ, ಒಂದರಲ್ಲಿ ನಡಿಗೆ.

ಅನ್ವರಿಯನ್ನು ಕಾಡುವುದು ಅದೊಂದೇ ಅಲ್ಲ. ಸ್ಟುಡಿಯೋದ ಗಾಜಿನ ಕಪಾಟಿನಲ್ಲಿ ಅವರು ಎಣ್ಣೆ ಹಾಕಿದಂತೆ ನಡೆಸಿದವರ ಕ್ಯಾಸೆಟ್ಟುಗಳ ನಕಲು ಸಾಲಾಗಿ ನಿಂತಿವೆ. ಯಾವ ಅಜ್ಜಿಯ ತಲೆ ನಡುಗುತ್ತಿತ್ತೋ, ಯಾವ ಮದುಮಗ ಅಳುಕಿ ಹೆಜ್ಜೆ ಹಿಂದಿಟ್ಟಿದ್ದನೋ.

"ಯಾರೂ ತಿರುಗಿ ಬರಲಿಲ್ಲರಿ, ಚಲೋ ಆಗೈತಿ ಅಂತಾನ ಹೇಳಿದ್ರು. ಗುರುತ ಹಿಡಿಯೋರು ಉಳಿದಿರಲಿಲ್ಲೇನೋ," ಎನ್ನುತ್ತಾರೆ. ಮೇಜಿನ ಧೂಳನ್ನು ಮತ್ತೊಮ್ಮೆ ಒರೆಸುತ್ತ, "ಆ ಒಂದ ಗೇಣು ಉಳದಿದ್ರ ಸಾಕಿತ್ತು. ಅಕಿ ಹಲಗಿ ಇಳಿಸೂದು. ಬ್ಯಾರೆ ಏನೂ ಬೇಡತಿರಲಿಲ್ಲ ನಾ."

ಕೆಳಗೆ ಅಡತಿಯ ಕದ ತೆರೆದ ಸದ್ದು. ಇವತ್ತಿನ ಗಿರಾಕಿ ಆಗಲೇ ಮೆಟ್ಟಿಲು ಹತ್ತಿ ಬಂದಿದ್ದಾರೆ, ಕುಂದಾ ಮಿಠಾಯಿ ಅಂಗಡಿಯ ಗುರುಪುತ್ರಪ್ಪ. ಅಜ್ಜನ ಕಾಲದ ರೀಲು, ಮನೆಯ ವಾಸ್ತುಶಾಂತಿಯದು. ಎಂದಿಗೆ ಸಿಕ್ಕೀತು ಎಂದು ಅವಸರಪಡುತ್ತಾರೆ. ಅನ್ವರಿ ಡಬ್ಬಿ ತೆರೆದು ಮೂಸಿ ನೋಡುತ್ತಾರೆ, ಮುಚ್ಚುತ್ತಾರೆ.

"ನಿಮ್ಮ ಅಜ್ಜಾರು ಹೆಂಗ ನಡೀತಿದ್ರು?"

ಗುರುಪುತ್ರಪ್ಪ ನಗುತ್ತಾರೆ. "ಹೆಂಗಂದ್ರ? ಎಲ್ಲಾರೂ ನಡದಂಗ ನಡೀತಿದ್ರು."

"ಎಲ್ಲಾರಂಗ ಯಾರೂ ನಡಿಯೂದಿಲ್ಲರಿ," ಎಂದು ಅನ್ವರಿ ಡಬ್ಬಿಯನ್ನು ಅವರ ಕೈಗೇ ಮರಳಿಸುತ್ತಾರೆ. "ಮನಿಯಾಗ ಹಿರ್ಯಾರ ಇದ್ರ ಕೇಳ್ಕೊಂಡ ಬರ್ರಿ. ಅಲ್ಲೀತನಕ ನಾ ಮಷೀನ ಹಚ್ಚೂದಿಲ್ಲ."